ನೆರೆಮನೆಯ ಸುಧಾರಕನ ಮಾತನ್ನು ಕೇಳುವ ಬಗೆ

ಒಂದೇ ಗೋಡೆಗೆ ಆತುಕೊಂಡು ನಿಂತ ಎರಡು ಮನೆಗಳಲ್ಲಿ ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆ ಇರದು. ಚಿಮ್ಮಡದ ಸೀಮೆಯ ಊರುಗಳಲ್ಲಿ ಇದು ನಿತ್ಯದ ಅನುಭವ. ಇಲ್ಲಿ ಮಗ್ಗದ ಸದ್ದು, ಕಬ್ಬಿನ ಗಾಡಿಯ ಸದ್ದು, ಬಸದಿಯ ಗಂಟೆ, ಮಸೀದಿಯ ಬಾಂಗು ಎಲ್ಲವೂ ಎಲ್ಲರ ಕಿವಿಗೂ ಬೀಳುತ್ತವೆ. ಅದರಂತೆ ಒಂದು ಮನೆಯ ಜಗಳವೂ ಇನ್ನೊಂದು ಮನೆಯ ಕಿವಿಗೆ ಬೀಳುತ್ತದೆ. ಹಿಂದಿನ ಹಿರಿಯರಿಗೆ ಈ ವಿಷಯದಲ್ಲಿ ಒಂದು ಮರ್ಯಾದೆ ಇದ್ದಿತು. ಕೇಳಿಸಿದ್ದನ್ನು ಕೇಳಿಸದವರಂತೆ ಇದ್ದು, ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಎದುರಾದಾಗ ಮಳೆ ಬೆಳೆಯ ಮಾತನ್ನಷ್ಟೇ ಆಡುತ್ತಿದ್ದರು. ಈ ಮರ್ಯಾದೆಯಿಂದ ಎಷ್ಟೋ ನೆರೆಹೊರೆಗಳು ಉಳಿದು ಬಂದಿವೆ ಎಂಬುದು ಸುಳ್ಳಲ್ಲ.

ಆದರೆ ನೆರೆಮನೆಯ ಮಗಳೊಬ್ಬಳು ಒಳಗೆ ಅಳುವುದನ್ನು ಬಿಟ್ಟು ಅಂಗಳಕ್ಕೆ ಬಂದು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ತನಗೆ ಅನ್ಯಾಯವಾಗಿದೆ ಎಂದು ಹೇಳಿದರೆ ಆಗ ಆ ಮರ್ಯಾದೆ ಸಾಲುವುದೇ? ಕೇಳಿಸಿಕೊಂಡವನ ಕರ್ತವ್ಯವೇನು? ಈ ಪ್ರಶ್ನೆ ಕಲ್ಪನೆಯದಲ್ಲ. 2025ರ ಮೇ 20ರಂದು ಹಾಸನದ ವಕೀಲೆಯೂ ಕಥೆಗಾರ್ತಿಯೂ ಆದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡದ ಕೃತಿಯೊಂದಕ್ಕೆ ಈ ಗೌರವ ಸಂದದ್ದು ಅದೇ ಮೊದಲು. ಮುಸ್ಲಿಂ ಸಮಾಜದೊಳಗಿನ ಒಂದು ವಾದ, ಅಲ್ಲಿಯವರೆಗೆ ಓದುವ ಕೆಲವರಿಗಷ್ಟೇ ಗೊತ್ತಿದ್ದದ್ದು, ಆ ದಿನದಿಂದ ಪತ್ರಿಕೆ ತರಿಸುವ ಪ್ರತಿಯೊಂದು ಮನೆಗೂ ಬಂದಿತು. ಜೈನ ಮನೆಗಳಿಗೂ ಬಂದಿತು. ಹಾಗೆ ಬಂದ ಮಾತನ್ನು ಹೇಗೆ ಕೇಳಬೇಕೆಂಬುದು ಇಲ್ಲಿಯ ವಿಚಾರ.

ಮೊದಲು ಆ ಮಾತು ಏನೆಂದು ನೋಡುವುದು ಉಚಿತ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಎಂಬ ಕಥೆಯಲ್ಲಿ ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡ ಒಬ್ಬ ಬಡ ಹೆಂಗಸನ್ನು ಬಿಟ್ಟು ಹೋಗುತ್ತಾನೆ. ಅವಳು ಮಸೀದಿಯ ಮುತವಲ್ಲಿಗೆ ಅರ್ಜಿ ಕೊಡುತ್ತಾಳೆ. ಮುತವಲ್ಲಿ ಎಂದರೆ ಮಸೀದಿಯ ಆಸ್ತಿಪಾಸ್ತಿಯನ್ನೂ ಜಮಾತಿನ ವ್ಯವಹಾರವನ್ನೂ ನೋಡಿಕೊಳ್ಳುವವನು; ಬಸದಿಯ ಟ್ರಸ್ಟಿನ ಅಧ್ಯಕ್ಷನಿಗೆ ಸಮನಾದ ಸ್ಥಾನ. ಅರ್ಜಿಗೆ ಉತ್ತರವಿಲ್ಲ. ಓದುಬರಹ ಬಲ್ಲ ಇನ್ನೊಬ್ಬ ಹೆಂಗಸು ಅವಳಿಗೆ ಧರ್ಮಗ್ರಂಥದಲ್ಲಿ ಹೆಂಡತಿಗೂ ಮಕ್ಕಳಿಗೂ ಇರುವ ಹಕ್ಕುಗಳನ್ನು ತಿಳಿಸಿ ಹೇಳುತ್ತಾಳೆ. ಆಕೆ ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಮಗು ಉಳಿಯುವುದಿಲ್ಲ. ಗಿರೀಶ ಕಾಸರವಳ್ಳಿಯವರು ಇದೇ ಕಥೆಯನ್ನು 2004ರಲ್ಲಿ 'ಹಸೀನಾ' ಎಂಬ ಚಿತ್ರವನ್ನಾಗಿ ಮಾಡಿದರು.

ಈ ಕಥೆಯನ್ನು ಹೊರಗಿನವರು ಓದಿದಾಗ ಸಾಮಾನ್ಯವಾಗಿ ತಪ್ಪಿಹೋಗುವ ಅಂಶವೊಂದಿದೆ. ಆ ಹೆಂಗಸು ತನ್ನ ಧರ್ಮವನ್ನು ದೂರುತ್ತಿಲ್ಲ. ಧರ್ಮ ಕೊಟ್ಟದ್ದನ್ನು ನಡುವೆ ನಿಂತವನು ತನಗೆ ತಲುಪಿಸಲಿಲ್ಲವೆಂದು ದೂರುತ್ತಿದ್ದಾಳೆ. ಅವಳ ತಕರಾರು ಗ್ರಂಥದ ಮೇಲೆ ಅಲ್ಲ, ಗ್ರಂಥದ ಬೀಗದ ಕೈಯನ್ನು ಇಟ್ಟುಕೊಂಡವನ ಮೇಲೆ. ಆಧುನಿಕ ಕಾಲದ ಮುಸ್ಲಿಂ ಚಿಂತಕರಲ್ಲಿ ಬಹುಜನರ ವಾದವೂ ಸ್ಥೂಲವಾಗಿ ಇದೇ ಆಗಿದೆ.

ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ 'ಇಜ್ತಿಹಾದ್' ಎಂಬ ಮಾತೊಂದಿದೆ. ಗ್ರಂಥದಲ್ಲಿ ಸ್ಪಷ್ಟ ಉತ್ತರ ದೊರೆಯದ ಪ್ರಶ್ನೆ ಎದುರಾದಾಗ, ಅರ್ಹನಾದ ವಿದ್ವಾಂಸನು ತನ್ನ ಬುದ್ಧಿಯನ್ನು ಪೂರ್ಣವಾಗಿ ಶ್ರಮಿಸಿ ನಿರ್ಣಯಕ್ಕೆ ಬರುವುದು ಎಂದು ಅದರ ಅರ್ಥ. ಹಿಂದಿನ ಆಚಾರ್ಯರ ನಿರ್ಣಯವನ್ನು ಹಾಗೆಯೇ ಅನುಸರಿಸುವುದಕ್ಕೆ 'ತಕ್ಲೀದ್' ಎನ್ನುತ್ತಾರೆ. ಹಲವು ಶತಮಾನಗಳ ಕಾಲ ತಕ್ಲೀದೇ ರೂಢಿಯಾಗಿ, ಇಜ್ತಿಹಾದಿನ ಬಾಗಿಲು ಮುಚ್ಚಿತೆಂಬ ಮಾತು ಬಳಕೆಗೆ ಬಂದಿತು. ಈಜಿಪ್ಟಿನ ಮುಹಮ್ಮದ್ ಅಬ್ದುಹ್ (1849–1905) ಆ ಬಾಗಿಲನ್ನು ಮತ್ತೆ ತಟ್ಟಿದವರಲ್ಲಿ ಪ್ರಮುಖರು. ಭಾರತದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ (1817–1898) ಆ ಕೆಲಸ ಮಾಡಿದರು. ಕವಿ ಮುಹಮ್ಮದ್ ಇಕ್ಬಾಲರು 1929ರ ಆರಂಭದಲ್ಲಿ ಮದ್ರಾಸಿನಲ್ಲಿ ಇಸ್ಲಾಮಿನ ಧಾರ್ಮಿಕ ಚಿಂತನೆಯ ಪುನರ್ರಚನೆಯನ್ನು ಕುರಿತು ಉಪನ್ಯಾಸ ಮಾಡಿ, ಅಲ್ಲಿಂದ ಮೈಸೂರಿಗೂ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯನ್ನು ಸಂದರ್ಶಿಸಿದರು. ಆ ಉಪನ್ಯಾಸಗಳು ಗ್ರಂಥವಾಗಿ ಬಂದಾಗ ಅದರಲ್ಲಿ ಒಂದು ಅಧ್ಯಾಯ ಸಂಪೂರ್ಣ ಇಜ್ತಿಹಾದಿಗೇ ಮೀಸಲಾಗಿತ್ತು.

ಈ ವಿಧಾನವು ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ನಾಲ್ವರವರೆಗೆ ಪತ್ನಿಯರನ್ನು ಹೊಂದಲು ಅನುಮತಿ ಇದೆ. ಆದರೆ ಎಲ್ಲರನ್ನೂ ನ್ಯಾಯವಾಗಿ ನಡೆಸಿಕೊಳ್ಳಲಾರೆನೆಂಬ ಭಯವಿದ್ದರೆ ಒಬ್ಬಳೇ ಸಾಕೆಂಬ ನಿಬಂಧನೆಯೂ ಅಲ್ಲಿಯೇ ಇದೆ. ಅದೇ ಅಧ್ಯಾಯದಲ್ಲಿ ಮುಂದೆ, ಎಷ್ಟು ಬಯಸಿದರೂ ಪತ್ನಿಯರ ನಡುವೆ ಸಮನ್ಯಾಯ ಸಾಧ್ಯವಾಗದೆಂಬ ಮಾತು ಬರುತ್ತದೆ. ಈ ಎರಡನ್ನೂ ಕೂಡಿಸಿ ಓದಿದರೆ ಗ್ರಂಥದ ಒಲವು ಏಕಪತ್ನಿತ್ವದ ಕಡೆಗೆ ಎಂದು ಸುಧಾರಕರು ಹೇಳುತ್ತಾರೆ. ಪಾಕಿಸ್ತಾನದಲ್ಲಿ ವಿರೋಧ ಬಲವಾದಾಗ 1968ರಲ್ಲಿ ದೇಶ ಬಿಟ್ಟು, ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಫಜ್ಲುರ್ ರಹಮಾನ್ (1919–1988) ಇದಕ್ಕೆ ಒಂದು ಕ್ರಮವನ್ನೇ ಹಾಕಿಕೊಟ್ಟರು. ಓದುವವನು ಮೊದಲು ಇಂದಿನಿಂದ ಆ ಕಾಲಕ್ಕೆ ಹೋಗಿ, ಆ ವಿಧಿ ಯಾವ ಸಂದರ್ಭದಲ್ಲಿ ಯಾವ ನೀತಿಯನ್ನು ಸಾಧಿಸಲು ಬಂದಿತೆಂದು ಕಂಡುಕೊಳ್ಳಬೇಕು. ಆ ಬಳಿಕ ಆ ನೀತಿಯನ್ನು ಹಿಡಿದುಕೊಂಡು ಇಂದಿಗೆ ಮರಳಬೇಕು. ಅಕ್ಷರದಲ್ಲಿ ನಿಂತುಬಿಟ್ಟವನು ಅರ್ಧ ದಾರಿಯಲ್ಲಿ ನಿಂತಂತೆ.

ಹೀಗೆ ಹೋಗಿ ಬರುವವರ ಪ್ರಯಾಣ ಸುಖಕರವಾಗಿದ್ದದ್ದು ಕಡಿಮೆ. ಕೈರೋದ ನಸ್ರ್ ಹಾಮಿದ್ ಅಬೂ ಜೈದ್ ಎಂಬ ಪ್ರಾಧ್ಯಾಪಕರು ಕುರ್‌ಆನನ್ನು ಭಾಷಾಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದ ಕಾರಣಕ್ಕೆ, 1995ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಅವರನ್ನು ಧರ್ಮಭ್ರಷ್ಟರೆಂದು ಸಾರಿ, ಧರ್ಮಭ್ರಷ್ಟನಿಗೆ ಮುಸ್ಲಿಂ ಪತ್ನಿ ಇರಕೂಡದೆಂಬ ತರ್ಕದಿಂದ ಅವರ ವಿವಾಹವನ್ನೇ ರದ್ದುಗೊಳಿಸಿತು. ಗಂಡಹೆಂಡಿರು ಇಬ್ಬರೂ ದೇಶ ಬಿಟ್ಟು ಹಾಲೆಂಡಿಗೆ ಹೋದರು. ತಾನು ಮುಸಲ್ಮಾನನೆಂದೇ ಅವರು ಕೊನೆಯವರೆಗೂ ಹೇಳಿದರು.

ಚಿಮ್ಮಡಕ್ಕೆ ಕೈರೋ ದೂರ. ಕೊಂಕಣ ಅಷ್ಟು ದೂರವಲ್ಲ. ಚಿಪಳೂಣದ ಹತ್ತಿರದ ಮಿರಜೋಳಿ ಎಂಬ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಹಮೀದ್ ದಳವಾಯಿಯವರು ಮರಾಠಿಯ ಕಥೆಗಾರರು, ಪತ್ರಕರ್ತರು. 1966ರ ಏಪ್ರಿಲ್ 18ರಂದು ಅವರು ಏಳು ಜನ ಮುಸ್ಲಿಂ ಮಹಿಳೆಯರೊಡನೆ ಮುಂಬಯಿಯಲ್ಲಿ ಮೆರವಣಿಗೆ ಹೊರಟು ಬಾಯಿಮಾತಿನ ತಲಾಖ್ ನಿಲ್ಲಬೇಕೆಂದು ಬೇಡಿದರು. ಏಳೇ ಜನ. 1970ರ ಮಾರ್ಚ್ 22ರಂದು ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳವನ್ನು ಸ್ಥಾಪಿಸಿದರು. ಹೆಸರು ಜ್ಯೋತಿಬಾ ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದಿಂದ ಬಂದದ್ದು. ದಳವಾಯಿಯವರ ಮಾರ್ಗ ನೇರವಾದದ್ದು: ಗ್ರಂಥ ಏನು ಹೇಳುತ್ತದೆ ಎಂಬುದರ ಮೇಲೆ ಹೆಣ್ಣುಮಕ್ಕಳ ನ್ಯಾಯ ನಿಲ್ಲಬಾರದು, ಮನುಷ್ಯನ ವಿವೇಕವೂ ದೇಶದ ಸಂವಿಧಾನವೂ ಅದಕ್ಕೆ ಸಾಕು. 1977ರಲ್ಲಿ, ಇನ್ನೂ ನಲವತ್ತೈದು ತುಂಬುವ ಮುನ್ನವೇ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಅವರ ಇಚ್ಛೆಯಂತೆ ಅವರನ್ನು ಹೂಳದೆ ದಹನ ಮಾಡಲಾಯಿತು.

ಇದಕ್ಕಿಂತ ಭಿನ್ನವಾದ ದಾರಿ ಅಸ್ಗರ್ ಅಲಿ ಇಂಜಿನಿಯರ್ (1939–2013) ಅವರದು. ದಾವೂದಿ ಬೊಹ್ರಾ ಪಂಥದ ಪುರೋಹಿತರ ಮಗ. ಅರಬ್ಬಿ, ಕುರ್‌ಆನ್ ವ್ಯಾಖ್ಯಾನ, ನ್ಯಾಯಶಾಸ್ತ್ರಗಳನ್ನು ಬಾಲ್ಯದಲ್ಲಿ ತಂದೆಯಿಂದಲೇ ಕಲಿತವರು. ಮುಂಬಯಿ ನಗರಪಾಲಿಕೆಯಲ್ಲಿ ಇಂಜಿನಿಯರ್ ಆಗಿದ್ದವರು 1970ರ ದಶಕದಲ್ಲಿ ಕೆಲಸ ಬಿಟ್ಟು ಬೊಹ್ರಾ ಸುಧಾರಣೆಯ ಚಳವಳಿಗೆ ಇಳಿದರು. ನ್ಯಾಯ, ಉಪಕಾರ, ಕರುಣೆ, ವಿವೇಕ ಎಂಬ ನಾಲ್ಕು ಮೌಲ್ಯಗಳೇ ಕುರ್‌ಆನಿನ ಅಡಿಪಾಯವೆಂದೂ, ವಿಧಿಗಳು ಕಾಲದೇಶಗಳಿಗೆ ಒಳಪಟ್ಟವೆಂದೂ, ವಿಧಿಗೂ ಮೌಲ್ಯಕ್ಕೂ ವಿರೋಧ ಬಂದಾಗ ಮೌಲ್ಯವೇ ಉಳಿಯಬೇಕೆಂದೂ ಅವರು ವಾದಿಸಿದರು. ಪಂಥದ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿ ಬಹಿಷ್ಕಾರವನ್ನು ಉಂಡರು. 2000ದಲ್ಲಿ ಅವರ ಮನೆಯನ್ನೂ ಕಚೇರಿಯನ್ನೂ ಹಾಳುಗೆಡವಲಾಯಿತು.

ಬಹಿಷ್ಕಾರದ ಮಾತು ಬಂದುದರಿಂದ ಇಲ್ಲಿ ಒಂದು ಸಂಗತಿಯನ್ನು ಹೇಳಿ ಮುಂದುವರಿಯುವುದು ಮೇಲು. ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಮರುವರ್ಷ, 1949ರಲ್ಲಿ, ಆ ಪ್ರಾಂತದ ಸರ್ಕಾರ ಯಾವುದೇ ಜಾತಿ ಅಥವಾ ಪಂಥವು ತನ್ನ ಸದಸ್ಯನನ್ನು ಬಹಿಷ್ಕರಿಸುವುದನ್ನು ಅಪರಾಧವೆಂದು ಸಾರಿತು. ಆ ಕಾಯಿದೆ ಬೊಹ್ರಾಗಳಿಗಷ್ಟೇ ಅಲ್ಲ, ಹಿಂದೂ, ಜೈನ ಪಂಚಾಯಿತಿಗಳಿಗೂ ಅನ್ವಯಿಸುತ್ತಿತ್ತು. ಆದುದರಿಂದ ಚಿಮ್ಮಡದ ಈ ಸೀಮೆಗೂ ಅನ್ವಯಿಸಿತ್ತು. ಬೊಹ್ರಾ ಗುರುಗಳು ಹೂಡಿದ ದಾವೆಯಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಂಥಕ್ಕೆ ತನ್ನ ಧರ್ಮವ್ಯವಹಾರವನ್ನು ನಡೆಸುವ ಸ್ವಾತಂತ್ರ್ಯವಿದೆಯೆಂದು ಹೇಳಿ ಅದನ್ನು ಅಸಿಂಧುಗೊಳಿಸಿತು. ಮುಖ್ಯ ನ್ಯಾಯಮೂರ್ತಿಗಳೊಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ಮರಳಿ ಪರಿಶೀಲಿಸಬೇಕೆಂದು 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಹೊರಹಾಕುವ ರೋಗ ಒಂದೇ ಮನೆಯದಲ್ಲ ಎಂಬುದಕ್ಕೆ ಕಾಯಿದೆಯ ಪುಸ್ತಕವನ್ನೇ ತೆರೆಯಬೇಕಾಗಿಲ್ಲ. ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು (1887–1959) ಕುಂಭೋಜದ ಜೈನ ಮನೆತನದವರು. ಜೈನ ಸಮಾಜವು ಇಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರು. ವಿದ್ಯಾರ್ಥಿಯಾಗಿದ್ದಾಗ ಅವರು ಅಸ್ಪೃಶ್ಯ ಹುಡುಗರ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದು, ಮೈಲಿಗೆ ಕಳೆಯುವ ಸ್ನಾನಕ್ಕೆ ಒಪ್ಪದೆ, ಕೊಲ್ಹಾಪುರದ ಜೈನ ಬೋರ್ಡಿಂಗಿನಿಂದ ಹೊರಬಿದ್ದರು. ಮುಂದೆ ಅವರು ಸೇರಿ ದುಡಿದದ್ದು ಫುಲೆಯವರ ಅದೇ ಸತ್ಯಶೋಧಕ ಸಮಾಜದಲ್ಲಿ. ದಳವಾಯಿಯವರು ತಮ್ಮ ಮಂಡಳಕ್ಕೆ ಎರವಲು ತಂದ ಹೆಸರಿನ ನೆರಳಿನಲ್ಲಿ ಒಬ್ಬ ಜೈನ ಶ್ರಾವಕನೂ ನಿಂತಿದ್ದನೆಂಬುದು ಮರೆಯುವಂತಹದಲ್ಲ.

ದಳವಾಯಿ, ಇಂಜಿನಿಯರ್ ಇವರಿಬ್ಬರಲ್ಲಿ ಯಾರ ದಾರಿ ಸರಿ? ದಳವಾಯಿಯವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ನ್ಯಾಯವನ್ನು ಗ್ರಂಥದಿಂದ ಎತ್ತಿ ತೋರಿಸುವವನು ನಾಳೆ ಗ್ರಂಥ ಸ್ಪಷ್ಟವಾಗಿ ಎದುರು ನಿಂತರೆ ಏನು ಮಾಡುತ್ತಾನೆ? ತನಗೆ ಬೇಕಾದ ಅರ್ಥವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ವಾಕ್ಯ ಹುಡುಕುವುದು ಪ್ರಾಮಾಣಿಕತೆಯೇ? ಇದು ಎಲ್ಲ ಧರ್ಮಗಳ ವ್ಯಾಖ್ಯಾನಕಾರರೂ ತಮಗೆ ತಾವೇ ಹಾಕಿಕೊಳ್ಳಬೇಕಾದ ಪ್ರಶ್ನೆ. ಆದರೂ ಮಸೀದಿಯ ಅಂಗಳದಲ್ಲಿ ಕುಳಿತ ಆ ಹೆಂಗಸಿನ ಕಡೆಯಿಂದ ನೋಡಿದರೆ ಎರಡನೆಯ ದಾರಿಯೇ ಹತ್ತಿರದ್ದು. ಅವಳಿಗೆ ದೇವರನ್ನು ಬಿಟ್ಟು ನ್ಯಾಯ ಬೇಕಾಗಿಲ್ಲ. ದೇವರನ್ನು ಬಿಟ್ಟರೆ ಅವಳ ಬಳಿ ಉಳಿಯುವುದು ತೀರ ಸ್ವಲ್ಪ. ನ್ಯಾಯಕ್ಕಾಗಿ ಶ್ರದ್ಧೆಯನ್ನು ಒತ್ತೆಯಿಡು ಎಂದು ಬಡವರಿಗೆ ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಒಂದೇ ಉಸಿರಿನ ಮೂರು ತಲಾಖನ್ನು ಮೂರಕ್ಕೆ ಎರಡರ ಬಹುಮತದಿಂದ ರದ್ದುಗೊಳಿಸಿದಾಗ, ಆ ಮೂವರಲ್ಲಿ ಇಬ್ಬರು ಸಂವಿಧಾನದ ಸಮಾನತೆಯ ಮಾತನ್ನು ಆಧರಿಸಿದರು. ಒಬ್ಬ ನ್ಯಾಯಮೂರ್ತಿಗಳು ಅದು ಕುರ್‌ಆನಿಗೇ ವಿರುದ್ಧವೆಂಬ ಕಾರಣವನ್ನು ಕೊಟ್ಟರು. ಎರಡೂ ದಾರಿಗಳು ಅಲ್ಲಿ ಕೂಡಿದವು. ಒಂದು ಇಲ್ಲದಿದ್ದರೆ ಬಹುಮತವೇ ಇರುತ್ತಿರಲಿಲ್ಲ. 2019ರ ಕಾಯಿದೆ ಹಾಗೆ ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಸೆರೆವಾಸವನ್ನು ವಿಧಿಸಿದಾಗ, ಮುಸ್ಲಿಂ ಸುಧಾರಕರಲ್ಲಿಯೇ ಕೆಲವರು ಸ್ವಾಗತಿಸಿದರು, ಕೆಲವರು ಗಂಡ ಜೈಲಿಗೆ ಹೋದರೆ ಹೆಂಡತಿಗೆ ಅನ್ನ ಹಾಕುವವರು ಯಾರೆಂದು ಕೇಳಿದರು. ಸುಧಾರಕರೆಂದರೆ ಒಂದೇ ಬಾಯಿಯವರಲ್ಲ.

ಕನ್ನಡದಲ್ಲಿ ಈ ಕೆಲಸ ಹೆಚ್ಚಾಗಿ ನಡೆದದ್ದು ಶಾಸ್ತ್ರಗ್ರಂಥಗಳಲ್ಲಿ ಅಲ್ಲ, ಕಥೆ ಕಾದಂಬರಿಗಳಲ್ಲಿ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ತಮ್ಮ ಸಮುದಾಯದಲ್ಲಿ ಶಾಲೆಗೆ ಹೋದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟದಿಂದ ಗಂಡನನ್ನು ಕಳೆದುಕೊಂಡ ನಾದಿರಾ ಮರಳಿ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ನಿಯಮ ಅಡ್ಡ ಬರುತ್ತದೆ. ಆಕೆ ಮಸೀದಿಯ ಕೊಳದ ಪಾಲಾಗುತ್ತಾಳೆ. ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಯ ಜೀವನವನ್ನೇ ವಸ್ತುವಾಗಿಟ್ಟುಕೊಂಡು 'ಓದಿರಿ' ಎಂಬ ಕಾದಂಬರಿ ಬರೆದರು. ಪ್ರವಾದಿಗೆ ಮೊದಲು ಬಂದ ಆಜ್ಞೆ 'ಓದು' ಎಂಬುದು. ಹೆಸರಿನಲ್ಲಿಯೇ ಒಂದು ವಾದವಿದೆ. ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳನ್ನೂ ಮೊಹರಂ ಆಚರಣೆಯನ್ನೂ ಅಭ್ಯಸಿಸಿ, ಈ ನೆಲದ ಮುಸಲ್ಮಾನನ ಬದುಕು ಒಂದೇ ಅಚ್ಚಿನದಲ್ಲವೆಂದು ತೋರಿಸಿದರು.

ಇವರ ಸಂಕಟ ಎರಡು ಮುಖದ್ದು. 2000ದಲ್ಲಿ ಬಾನು ಮುಷ್ತಾಕ್ ಅವರು ಮಹಿಳೆಯರಿಗೂ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆಯೆಂದು ಹೇಳಿದ್ದಕ್ಕಾಗಿ ಅವರೂ ಅವರ ಕುಟುಂಬದವರೂ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಿದರು. ಇಪ್ಪತ್ತೈದು ವರ್ಷಗಳ ಬಳಿಕ, 2025ರಲ್ಲಿ, ಸರ್ಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಅನ್ಯಧರ್ಮದವರು ಚಾಮುಂಡಿಯ ಪೂಜೆಗೆ ಬರಕೂಡದೆಂದು ಇನ್ನೊಂದು ಕಡೆಯವರು ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದರು. ಎರಡೂ ಕಡೆ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಒಳಗಿನವರಿಗೆ ಸಾಕಷ್ಟು ಮುಸ್ಲಿಂ ಅಲ್ಲ, ಹೊರಗಿನವರಿಗೆ ತೀರ ಮುಸ್ಲಿಂ! ಮಸೀದಿಯ ಬಾಗಿಲಲ್ಲಿ ನಿಂತು ವಾದಿಸಿದವಳನ್ನು ಬೆಟ್ಟದ ಬಾಗಿಲಲ್ಲಿಯೂ ನಿಲ್ಲಿಸಲು ಹೊರಟರು.

ಇಲ್ಲಿಯೇ ಸುಧಾರಕನ ನೈತಿಕ ಇಕ್ಕಟ್ಟು ಇರುವುದು. ತನ್ನ ಸಮುದಾಯ ಹೊರಗಿನಿಂದ ಏಟು ತಿನ್ನುತ್ತಿರುವಾಗ ಒಳಗಿನ ದೋಷವನ್ನು ಹೇಳುವುದು ದ್ರೋಹವಲ್ಲವೇ ಎಂದು ಅವನ ಜನ ಅವನನ್ನು ಕೇಳುತ್ತಾರೆ. ಆ ಪ್ರಶ್ನೆ ಪೂರ್ತಿ ಕಪಟವೂ ಅಲ್ಲ. ಅವನು ಬರೆದ ಸಾಲುಗಳು ಮರುದಿನ ಬೇರೆಯವರ ಕೈಯಲ್ಲಿ ಕಲ್ಲುಗಳಾಗುವುದನ್ನು ಅವನೂ ಕಂಡಿರುತ್ತಾನೆ. ಸುಮ್ಮನಿರೋಣವೆಂದರೆ ಅಂಗಳದಲ್ಲಿ ಕುಳಿತವಳ ಮಗು ಸಾಯುತ್ತದೆ. ಅಂದರೆ ಸುಧಾರಕನ ಇಕ್ಕಟ್ಟನ್ನು ಹೆಚ್ಚಿಸುವುದೂ ತಗ್ಗಿಸುವುದೂ ಕೇಳುವ ನೆರೆಯವನ ಕೈಯಲ್ಲಿ ಬಹಳಮಟ್ಟಿಗೆ ಇದೆ.

ಕೇಳುವವರಲ್ಲಿ ಕೆಲವರು ಉದಾರಿಗಳು. ಅವರವರ ಧರ್ಮ ಅವರವರಿಗೆ, ಪರರ ವಿಚಾರ ಬೇಡ ಎನ್ನುತ್ತಾರೆ. ಕೆಲವೊಮ್ಮೆ ಅನೇಕಾಂತದ ಹೆಸರನ್ನೂ ಎತ್ತುತ್ತಾರೆ. ಎಲ್ಲ ದೃಷ್ಟಿಗೂ ಒಂದೊಂದು ಸತ್ಯಾಂಶ ಉಂಟೆಂದು ಹೇಳಿ ಎದ್ದುಹೋಗಲು ಅನೇಕಾಂತವೇನೂ ಅನುಮತಿಪತ್ರವಲ್ಲ. ಮುತವಲ್ಲಿಯ ದೃಷ್ಟಿಯೊಂದು, ಆ ಹೆಂಗಸಿನ ದೃಷ್ಟಿಯೊಂದು ಎಂದು ತಕ್ಕಡಿ ಸಮ ಹಿಡಿದವನು ನೋಡಲೇ ಇಲ್ಲವೆಂದು ಅರ್ಥ. ಇದೇ ಉದಾರಿಗಳು ಸರ್ವಧರ್ಮ ಸಮಾರಂಭಗಳಲ್ಲಿ ಶಿಶುನಾಳ ಶರೀಫರನ್ನು ತಪ್ಪದೆ ಸ್ಮರಿಸುತ್ತಾರೆ. ಕಾಲವಾದ ಸಂತನನ್ನು ಮೆಚ್ಚಿದರೆ ಯಾರಿಗೂ ಖರ್ಚಿಲ್ಲ.

ಇನ್ನು ಕೆಲವರು ನೆರೆಮನೆಯ ಸುಧಾರಕನನ್ನು ಬಹಳ ಉತ್ಸಾಹದಿಂದ ಓದುತ್ತಾರೆ. ನೋಡಿರಿ, ಅವರವರೇ ಹೇಳುತ್ತಿದ್ದಾರೆ ಎಂದು ನಾಲ್ಕು ಜನರಿಗೆ ತೋರಿಸುತ್ತಾರೆ. ಈ ಬಗೆಯ ಓದುಗರಿಗಾಗಿ ಬಾನು ಮುಷ್ತಾಕ್ ಅವರದೇ ಇನ್ನೊಂದು ಕಥೆ ಇದೆ: 'ಬೆಂಕಿ ಮಳೆ'. ಅದರ ನಾಯಕನೂ ಒಬ್ಬ ಮುತವಲ್ಲಿ. ತಂಗಿ ಬಂದು ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಕೇಳಿದ್ದಾಳೆ. ಅವಳ ಪಾಲು ಗ್ರಂಥದಲ್ಲಿಯೇ ಬರೆದಿಟ್ಟದ್ದು, ಅವನು ಅಲ್ಲವೆನ್ನಲಾರ, ಕೊಡಲೂ ಮನಸ್ಸಿಲ್ಲ. ಹೀಗೆ ಚಡಪಡಿಸುತ್ತಿರುವಾಗ ಮುಸಲ್ಮಾನನೊಬ್ಬನ ಹೆಣವನ್ನು ಹಿಂದೂಗಳ ಸ್ಮಶಾನದಲ್ಲಿ ಹೂಳಲಾಗಿದೆಯೆಂಬ ಸುದ್ದಿ ಬರುತ್ತದೆ. ಮುತವಲ್ಲಿಗೆ ಜೀವ ಬಂದಂತಾಗುತ್ತದೆ. ಸಮುದಾಯದ ಮರ್ಯಾದೆಯ ಪ್ರಶ್ನೆ! ಜನ ಸೇರುತ್ತಾರೆ, ಅರ್ಜಿಗಳು ಓಡಾಡುತ್ತವೆ, ತಂಗಿಯ ಪಾಲಿನ ಮಾತು ಮೂಲೆಗೆ ಸರಿಯುತ್ತದೆ. ಪರರ ಸ್ಮಶಾನದ ಸುದ್ದಿ ಅವನನ್ನು ತನ್ನ ಮನೆಯ ಲೆಕ್ಕದಿಂದ ಬಿಡಿಸಿತು.

ಈ ಕಥೆಯನ್ನು ಓದಿ ಮುತವಲ್ಲಿಗಳೆಲ್ಲ ಹೀಗೆಯೇ ಎಂದು ನಗುವ ನೆರೆಯವನು ಆ ಕ್ಷಣದಲ್ಲಿ ಮಾಡುತ್ತಿರುವುದು ಏನು? ಮುತವಲ್ಲಿ ಸ್ಮಶಾನದ ಸುದ್ದಿಯಿಂದ ಮಾಡಿಕೊಂಡ ಉಪಕಾರವನ್ನೇ ಅವನು ಮುತವಲ್ಲಿಯ ಸುದ್ದಿಯಿಂದ ಮಾಡಿಕೊಳ್ಳುತ್ತಿದ್ದಾನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅನ್ಯಾಯ ಎಲ್ಲಿದ್ದರೂ ಅನ್ಯಾಯವೇ. ತನ್ನ ಮನೆ ಪೂರ್ತಿ ಶುದ್ಧವಾದ ಮೇಲೆಯೇ ಪರರ ಅನ್ಯಾಯವನ್ನು ಅನ್ಯಾಯವೆನ್ನಬೇಕೆಂದರೆ ಯಾರೂ ಎಂದೂ ಬಾಯಿ ತೆರೆಯುವಂತಿಲ್ಲ ಎಂದು. ಆಕ್ಷೇಪ ಸರಿಯಾಗಿಯೇ ಇದೆ. ಬಾಯಿ ತೆರೆಯಬಾರದೆಂದು ಇಲ್ಲಿ ಹೇಳಿಲ್ಲ. ಆ ಹೆಂಗಸಿಗೆ ವಕೀಲರು ಬೇಕು, ಜೀವನಾಂಶ ಬೇಕು, ಮಗುವಿಗೆ ವೈದ್ಯರು ಬೇಕು. ಇವುಗಳನ್ನು ಒದಗಿಸಲು ಮುಂದಾಗುವ ಜೈನನು ಧರ್ಮಕಾರ್ಯವನ್ನೇ ಮಾಡುತ್ತಾನೆ. ಪರೀಕ್ಷೆ ಇರುವುದು ಅಳತೆಗೋಲಿನಲ್ಲಿ. ನೆರೆಮನೆಯ ಕಥೆಯನ್ನು ಅಳೆದ ಕೋಲನ್ನೇ ತನ್ನ ಮನೆಗೆ ತಂದು ಹಿಡಿಯುವನೇ, ಅಥವಾ ಹೊಸ್ತಿಲ ಹೊರಗೆ ಇಟ್ಟು ಬರುವನೇ?

ತಂದು ಹಿಡಿದರೆ ಕಾಣುವುದು ಸಣ್ಣದಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ 1956ರಿಂದ ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಜಾರಿಗೆ ಬಂದ ತಿದ್ದುಪಡಿಗಳಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಕುರ್‌ಆನಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಆ ಅರ್ಧವನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದರೂ ಈ ಸೀಮೆಯ ಎಷ್ಟೋ ಮುಸ್ಲಿಂ ಹೆಣ್ಣುಮಕ್ಕಳಿಗೆ ಅದು ದೊರೆತಿಲ್ಲ ಎಂಬುದೇ 'ಬೆಂಕಿ ಮಳೆ'ಯ ದೂರು. ಜೈನ ಸಂಪ್ರದಾಯಕ್ಕೂ ಹೇಳಿಕೊಳ್ಳುವ ಹೆಮ್ಮೆಯೊಂದಿದೆ: ಗಂಡುಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿದೆಯೆಂಬುದನ್ನು 1878ರಲ್ಲಿಯೇ ಪ್ರಿವಿ ಕೌನ್ಸಿಲ್ ಜೈನರ ರೂಢಿಯ ಆಧಾರದ ಮೇಲೆ ಮಾನ್ಯಮಾಡಿತ್ತು. ಅಂದಿನ ಸಾಮಾನ್ಯ ಹಿಂದೂ ವಿಧವೆಗೆ ಅಷ್ಟು ಹಕ್ಕು ಇರಲಿಲ್ಲ. ಬರೆದದ್ದು ಎರಡೂ ಕಡೆ ಚೆನ್ನಾಗಿಯೇ ಇದೆ.

ನಡೆಯುವುದು ಬೇರೆ. ಹಬ್ಬಕ್ಕೆಂದು ತವರಿಗೆ ಕರೆಸಿದ ಮಗಳಿಗೆ ಉಡಿ ತುಂಬಿ, ಸೀರೆ ಕೊಟ್ಟು, ಮರುದಿನ ತಾಲೂಕಿಗೆ ಕರೆದುಕೊಂಡು ಹೋಗುತ್ತಾರೆ. ಹಕ್ಕುಬಿಡುಗಡೆ ಪತ್ರ ಮೊದಲೇ ಟೈಪಾಗಿರುತ್ತದೆ. ಅಣ್ಣನೊಡನೆ ಕೋರ್ಟಿಗೆ ಹೋದಳೆಂಬ ಹೆಸರು ಬೇಡವೆಂದೂ, ಮುಂದೆ ತವರಿನ ಬಾಗಿಲು ತೆರೆದಿರಲೆಂದೂ ಅವಳು ಸಹಿ ಮಾಡುತ್ತಾಳೆ. ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಪತ್ರದಲ್ಲಿ ಬರೆದಿರುತ್ತದೆ. ಹಾಗೆ ಬರೆಸಿದ ಅಣ್ಣ ದುಷ್ಟನೇನೂ ಆಗಿರುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸವಿರುವವನು, ಬಸದಿಯ ಜೀರ್ಣೋದ್ಧಾರಕ್ಕೆ ಕಾಣಿಕೆ ಬರೆಸಿದವನು, ಕೆಲವೊಮ್ಮೆ ಟ್ರಸ್ಟಿನ ಸದಸ್ಯನೂ ಆಗಿರುವವನು. ಮುತವಲ್ಲಿಯೂ ನಮಾಜು ತಪ್ಪಿಸಿದವನೆಂದು ಕಥೆಯಲ್ಲಿ ಹೇಳಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯ ಪಡಸಾಲೆಯಲ್ಲಿ ಕಾಯುವವರಿಗಾಗಿ ಹಾಕಿದ ಬೆಂಚು ಎಲ್ಲರಿಗೂ ಒಂದೇ. ಹೆಸರು ಕೂಗುವವರೆಗೆ ಅಲ್ಲಿ ಬುರ್ಖಾ ತೊಟ್ಟ ತಂಗಿಯೊಬ್ಬಳೂ ಹೊಸ ಇಳಕಲ್ಲ ಸೀರೆಯುಟ್ಟ ತಂಗಿಯೊಬ್ಬಳೂ ಪಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಇಬ್ಬರ ಅಣ್ಣಂದಿರೂ ಹೊರಗೆ ಬೇವಿನ ಮರದ ಕೆಳಗೆ ನಿಂತು ಕಬ್ಬಿನ ಬಿಲ್ಲಿನ ಮಾತಾಡುತ್ತಿರುತ್ತಾರೆ. ಇಬ್ಬರಿಗೂ ಗುಮಾಸ್ತನು ಬೆರಳಿಟ್ಟು, ಇಲ್ಲಿ ಅಕ್ಕಾ, ಇಲ್ಲೊಂದು, ಮತ್ತೆ ಹಿಂದಿನ ಪುಟದಲ್ಲೊಂದು ಎಂದು ಸಹಿ ಮಾಡುವ ಜಾಗವನ್ನು ತೋರಿಸುತ್ತಾನೆ.